ಹಾಸು ಚಾಚುವ ಓಣಿಗೆ ನೆರಳು

ವೈನಿ ಬಿದ್ದದ್ದನ್ನು ನಾನು ಕಣ್ಣಾರೆ ನೋಡಲಿಲ್ಲ. ನಮ್ಮ ಮಗ್ಗಗಳು ನಿಂತದ್ದನ್ನು ಕೇಳಿದೆ.

ಬನಹಟ್ಟಿಯ ನಮ್ಮ ಓಣಿಯಲ್ಲಿ ಬೆಳಗಿನಿಂದ ವಿದ್ಯುತ್ ಮಗ್ಗಗಳ ಸದ್ದು. ಆ ಸದ್ದಿನೊಳಗೇ ಮಾತಾಡುತ್ತೇವೆ, ಫೋನ್ ಮಾಡುತ್ತೇವೆ, ಉಂಡು ಮಲಗುತ್ತೇವೆ. ಇಡೀ ಓಣಿ ಒಮ್ಮೆಲೇ ಸುಮ್ಮನಾದರೆ ಕರೆಂಟ್ ಹೋಯಿತೆಂದು ಅರ್ಥ. ಯಾರೂ ತಲೆ ಎತ್ತಿ ನೋಡುವುದಿಲ್ಲ. ಅಕ್ಕಪಕ್ಕದ ಮಗ್ಗಗಳು ಓಡುತ್ತಿರುವಾಗ ಒಂದು ಮನೆಯವು ಮಾತ್ರ ನಿಂತರೆ ಅಲ್ಲಿ ಏನೋ ಆಗಿದೆ. ಹೋದ ಬೇಸಿಗೆಯ ಒಂದು ಮಧ್ಯಾಹ್ನ ನಿಂತದ್ದು ನಮ್ಮವು. ನಾನು ನಡುಮನೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಪೆನ್ನು ಕೈಯಲ್ಲಿ ಹಿಡಿದೇ ಹಿಂದಕ್ಕೆ ಓಡಿದೆ.

ಮಗ್ಗದ ಶೆಡ್ಡು ಮನೆಗೆ ಅಂಟಿಕೊಂಡೇ ಇದೆ, ಮೇಲೆ ತಗಡು. ಅಣ್ಣ ನೆಲಕ್ಕೆ ಮೊಣಕಾಲೂರಿದ್ದ. ಅವನ ಹೆಂಡತಿ, ನಮ್ಮ ವೈನಿ, ಕಂಡಿಕೆ ಸುತ್ತುವ ಯಂತ್ರದ ಪಕ್ಕ ಒರಗಿ ಬಿದ್ದಿದ್ದರು. ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ಸಣ್ಣ ನೂಲಿನ ಸುರುಳಿ. ಮದುವೆಯಾಗಿ ಬಂದಾಗಿನಿಂದ ಅವರದು ಅದೇ ಕೆಲಸ. ಬೆರಳಿಗೆ ಬಿಳಿ ನೂಲು ಸುತ್ತಿಕೊಂಡಿತ್ತು. ಹಣೆ ಮುಟ್ಟಿದೆ. ಒಲೆಯ ಮೇಲಿನಿಂದ ಈಗಷ್ಟೇ ಇಳಿಸಿದ ಹಂಚಿನ ಹಾಗೆ ಒಣಗಿ ಕಾದಿತ್ತು. ಬೆವರೇ ಇರಲಿಲ್ಲ. ಅದು ನನ್ನನ್ನು ಹೆದರಿಸಿತು. ಅದಕ್ಕಿಂತ ಹೆಚ್ಚು ಹೆದರಿಸಿದ್ದು ಅವರ ಮಾತು.

"ಮಳಿ ಬರಾಕತ್ತೈತಿ. ನೂಲು ಒಳಗ ತಗೋರಿ" ಅಂದರು.

ಹೊರಗೆ ಬೆಂಕಿಯಂಥ ಬಿಸಿಲು. ಎದುರುಮನೆಯ ಆಯಿ ಉಳ್ಳಾಗಡ್ಡಿ ಜಜ್ಜಿ ತಂದು ಅಂಗಾಲಿಗೆ ಉಜ್ಜಿದರು. ನಾವು ಸೀರೆಯ ಮೇಲೆಯೇ ಕೊಡದಿಂದ ನೀರು ಸುರಿದು, ರಿಕ್ಷಾದಲ್ಲಿ ಹಾಕಿಕೊಂಡು ರಬಕವಿಯ ದವಾಖಾನೆಗೆ ಹೋದೆವು. ದಾರಿಯುದ್ದಕ್ಕೂ ಅಣ್ಣ ಒದ್ದೆ ಟವೆಲ್ಲಿನಿಂದ ಗಾಳಿ ಹಾಕುತ್ತಿದ್ದ. ಟವೆಲ್ಲು ದಾರಿಯಲ್ಲೇ ಒಣಗಿತು.

ವೈನಿ ಉಳಿದರು. ಕೆಲವು ದಿನ ಹಾಸಿಗೆ ಹಿಡಿದು, ಆಮೇಲೆ ಗೋಡೆ ಹಿಡಿದು ನಡೆದು, ಆಮೇಲೆ ಎಂದಿನಂತೆ ಎಲ್ಲರನ್ನೂ ಬೈಯಲು ಶುರು ಮಾಡಿದರು. ಮನೆಗೆ ಕಳಿಸುವ ದಿನ ಡಾಕ್ಟರ್ ನಮ್ಮನ್ನು ಕೂರಿಸಿ ಹೇಳಿದ್ದು ಒಂದೇ. ಈ ದೇಹಕ್ಕೆ ಒಮ್ಮೆ ಹೀಗಾಗಿದೆ, ಮುಂದಿನ ಬೇಸಿಗೆಯಲ್ಲಿ ಮಧ್ಯಾಹ್ನ ತಗಡಿನ ಕೆಳಗೆ ಕೂರಬಾರದು, ಇನ್ನೊಮ್ಮೆ ಹೀಗಾದರೆ ಎತ್ತಿಕೊಂಡು ಬರುವಷ್ಟು ಹೊತ್ತು ಸಿಗುತ್ತದೆಂದು ತಾನು ಹೇಳಲಾರೆನೆಂದರು.

"ತಗಡಿನ ಕೆಳಗ ಕುಂಡ್ರಬ್ಯಾಡ ಅಂದ್ರ ಎಲ್ಲಿ ಕುಂಡ್ರಲ್ರೀ ಸಾಹೇಬ್ರ?" ಅಂದರು ವೈನಿ. "ನಿಮ್ಮ ಕುರ್ಚಿ ಮ್ಯಾಲ?"

ಡಾಕ್ಟರ್ ನಕ್ಕರು. ಅಣ್ಣ ನಗಲಿಲ್ಲ. ವೈನಿ ಕಂಡಿಕೆ ಸುತ್ತದಿದ್ದರೆ ಮಗ್ಗ ನಿಲ್ಲುತ್ತದೆ. ಶೆಡ್ಡಿನಲ್ಲಿ ಫ್ಯಾನ್ ಹಾಕುವ ಹಾಗಿಲ್ಲ, ಕಿಟಕಿ ತೆರೆಯುವ ಹಾಗಿಲ್ಲ. ಒಣಗಾಳಿ ತಾಗಿದರೆ ನೂಲು ಹರಿಯುತ್ತದೆ. ಬೇಸಿಗೆಯಲ್ಲಿ ನಾವು ಕಿಟಕಿಗೆ ಗೋಣಿಚೀಲ ಕಟ್ಟಿ, ನೆಲಕ್ಕೆ ನೀರು ಹಾಕಿ, ಬಾಗಿಲು ಮುಚ್ಚಿಕೊಂಡು ನೇಯುತ್ತೇವೆ. ನೂಲು ಬದುಕುವ ಹವೆ ಬೇರೆ, ಮನುಷ್ಯ ಬದುಕುವ ಹವೆ ಬೇರೆ. ನಮ್ಮಲ್ಲಿ ಮೊದಲು ನೂಲಿನದನ್ನು ನೋಡುತ್ತಾರೆ.

ಅಂದಿನಿಂದ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ನಾನು ಜಮಖಂಡಿಯ ಒಂದು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ಬಸ್ಸಿನಲ್ಲಿ ಕೂತರೆ ಕಿಟಕಿಯಿಂದ ಗಿಡಗಳನ್ನು ಹುಡುಕುತ್ತಿದ್ದೆ. ಯಾವ ಮನೆಗೆ ನೆರಳಿದೆ, ಯಾವುದಕ್ಕಿಲ್ಲ. ಸಿಕ್ಕ ಗೋಡೆಯನ್ನೆಲ್ಲ ಮುಟ್ಟಿ ನೋಡುತ್ತಿದ್ದೆ. ಪಾಠದ ನಡುವೆ ಫೋನ್ ತೆಗೆದು ಮನೆಯ ಕಡೆ ಬಿಸಿಲೆಷ್ಟಿದೆ ಎಂದು ನೋಡುತ್ತಿದ್ದೆ. ನೋಡಿ ಏನು ಮಾಡುವುದಿತ್ತು? ಆದರೂ ನೋಡುತ್ತಿದ್ದೆ.

ಉಪಗ್ರಹದ ಮಾಹಿತಿಯಿಂದ ಊರಿನ ಬಿಸಿಯ ನಕ್ಷೆ ತಯಾರಿಸುವುದನ್ನು ನಮ್ಮ ವಿಭಾಗದಲ್ಲಿ ಮೊದಲಿನಿಂದಲೂ ಕಲಿಸುತ್ತೇವೆ. ಮಾಹಿತಿ ಪುಕ್ಕಟೆ ಸಿಗುತ್ತದೆ, ಬೇಕಾದದ್ದು ಒಂದು ಕಂಪ್ಯೂಟರ್ ಮತ್ತು ತಾಳ್ಮೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕರ ನಕ್ಷೆಯೂ ನಮ್ಮಲ್ಲಿತ್ತು. ಬಿಸಿಯಾದದ್ದು ಕೆಂಪು, ತಂಪಾದದ್ದು ನೀಲಿ. ಕೃಷ್ಣೆಯ ಉದ್ದಕ್ಕೂ ಕಬ್ಬಿನ ಹೊಲಗಳು ನೀಲಿಯಾಗಿ ಹಬ್ಬಿರುತ್ತವೆ. ಕಬ್ಬು ಕಡಿದ ಮೇಲೆ ಉಳಿದ ಒಣಗರಿ, ಅಂದರೆ ರವದಿ, ಸುಟ್ಟ ಹೊಲ ಮಾತ್ರ ಊರಿನಷ್ಟೇ ಕೆಂಪಗೆ ಕಾಣುತ್ತದೆ. ಜಮಖಂಡಿಯ ಬಸ್‌ನಿಲ್ದಾಣದ ಸುತ್ತ ಕೆಂಪು, ಹಳೆಯ ಗಿಡಗಳಿರುವ ಗುಡ್ಡದ ಕಡೆ ಹಸಿರುನೀಲಿ. ಮುಧೋಳದ ಪೇಟೆ ಕೆಂಪು. ಬೀಳಗಿಯಲ್ಲಿ ಊರಿಗಿಂತ ಊರಾಚೆಯ ಬೋಳು ಗುಡ್ಡಗಳೇ ಹೆಚ್ಚು ಕೆಂಪು. ರಬಕವಿ-ಬನಹಟ್ಟಿಯ ಮಗ್ಗದ ಓಣಿಗಳು ಕಡುಗೆಂಪು. ಈ ಬಣ್ಣಗಳನ್ನೆಲ್ಲ ನಾನು ಎಷ್ಟೋ ಸಲ ಪರದೆಯ ಮೇಲೆ ತೋರಿಸಿದ್ದೆ. ವೈನಿ ಬಿದ್ದ ಮೇಲೆ ಮೊದಲ ಸಲ ಅದರಲ್ಲಿ ನಮ್ಮ ಮನೆಯನ್ನು ಹುಡುಕಿದೆ.

ಮನೆ ಸಿಗಲಿಲ್ಲ. ಆ ನಕ್ಷೆಯ ಒಂದು ಚೌಕದೊಳಗೆ ನಮ್ಮ ಮನೆ, ಎದುರುಮನೆ, ನಡುವಿನ ಓಣಿ ಎಲ್ಲ ಅಡಗಿಹೋಗುತ್ತವೆ. ಉಪಗ್ರಹ ಅಳೆಯುವುದು ಗಾಳಿಯ ಬಿಸಿಯನ್ನಲ್ಲ, ಮೇಲ್ಮೈಯ ಬಿಸಿಯನ್ನು. ಅದು ನಮ್ಮ ಮೇಲೆ ಹಾದುಹೋಗುವುದು ಹೊತ್ತೇರುವಾಗ, ವೈನಿ ಬಿದ್ದದ್ದು ಹೊತ್ತು ಇಳಿಯುವಾಗ. ಹೊಳೆಯುವ ಹೊಸ ತಗಡು ಇದ್ದದ್ದಕ್ಕಿಂತ ತಂಪಾಗಿ ಕಂಡು ನಕ್ಷೆಯನ್ನು ದಾರಿ ತಪ್ಪಿಸುವುದೂ ಉಂಟು. ಇಷ್ಟೆಲ್ಲ ಕಳೆದ ಮೇಲೂ ಆ ಕೆಂಪು ಸುಳ್ಳಾಗಿರಲಿಲ್ಲ. ತಗಡಿನ ಮೇಲಿನದು ಅದಕ್ಕೆ ಕಂಡಿತ್ತು. ತಗಡಿನ ಕೆಳಗೆ ಕುಳಿತವರು ಕಾಣುವುದಿಲ್ಲ, ಅಷ್ಟೇ.

ಇನ್ನೊಂದು ಚಿತ್ರವಿತ್ತು, ಮೇಲಿನಿಂದ ತೆಗೆದ ಸಾದಾ ಫೋಟೋ. ಅದರಲ್ಲಿ ಬೇರೆ ಓಣಿಗಳಲ್ಲಿ ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕೆ. ನಮ್ಮ ಓಣಿ ಮಾತ್ರ ಈ ತುದಿಯಿಂದ ಆ ತುದಿಯವರೆಗೆ ಬೋಳು, ಅಳತೆಪಟ್ಟಿ ಇಟ್ಟು ಎಳೆದ ಗೆರೆಯಷ್ಟು ನೇರ. ಯಾಕೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅದು ಹಾಸಿನ ಓಣಿ.

ಸೀರೆಗೆ ಉದ್ದಕ್ಕೆ ಹಾಯುವ ನೂಲೇ ಹಾಸು. ಕೈಮಗ್ಗದ ಕಾಲದಲ್ಲಿ ನೇಯುವ ಮೊದಲು ಆ ನೂಲನ್ನೆಲ್ಲ ಓಣಿಯುದ್ದಕ್ಕೂ ಚಾಚಿ, ಎರಡೂ ತುದಿ ಕಲ್ಲಿಗೆ ಬಿಗಿದು, ಕುಂಚದಿಂದ ಗಂಜಿ ಹಚ್ಚಿ, ಬಿಸಿಲು ಬಲಿಯುವ ಮೊದಲು ಒಣಗಿಸುತ್ತಿದ್ದರು. ಗಿಡವಿದ್ದರೆ ಎಲೆ ಉದುರುತ್ತದೆ, ಹಕ್ಕಿ ಹೊಲಸು ಮಾಡುತ್ತದೆ, ಟೊಂಗೆಗೆ ನೂಲು ಸಿಕ್ಕುತ್ತದೆ. ಹಾಗಾಗಿ ಓಣಿಯಲ್ಲಿ ಗಿಡವಿಲ್ಲ, ಕಟ್ಟೆಯಿಲ್ಲ, ಕಟ್ಟಿಹಾಕಿದ ಆಡಿಲ್ಲ. ವಿದ್ಯುತ್ ಮಗ್ಗ ಬಂದ ಮೇಲೆ ಗಂಜಿ ಹಚ್ಚಿ ಸುತ್ತಿದ ಹಾಸು ಪೇಟೆಯಿಂದ ತಯಾರಾಗಿಯೇ ಬರುತ್ತದೆ. ಓಣಿಯಲ್ಲಿ ಉಳಿದದ್ದು ಒಂದೇ ಕೈಮಗ್ಗ, ನಮ್ಮ ಪಕ್ಕದ ಮನೆಯಲ್ಲಿರುವ ಕಾಕಾನದು. ಅಪ್ಪನ ತಮ್ಮ. ವರ್ಷದಲ್ಲಿ ಆಗೊಮ್ಮೆ ಈಗೊಮ್ಮೆ ಅವರ ಹಾಸು ಓಣಿಗೆ ಬರುತ್ತದೆ. ಅವತ್ತು ಇಡೀ ಓಣಿ ಬೆಳಗಾಗುವ ಮೊದಲೇ ಕಸಗುಡಿಸಿ, ಬೈಕುಗಳನ್ನು ದೂರ ನಿಲ್ಲಿಸಿ, ಕೋಳಿಗಳನ್ನು ಬುಟ್ಟಿಯಡಿ ಮುಚ್ಚುತ್ತದೆ. ಒಂದು ತುದಿಯ ಕಲ್ಲು ಇರುವುದು ನಮ್ಮ ಬಾಗಿಲ ಮುಂದೆಯೇ.

ಮಳೆಗಾಲಕ್ಕೆ ಸಸಿ ನೆಡಲು ಓಣಿಗಳನ್ನು ಆರಿಸಬೇಕೆಂದು ನಗರಸಭೆಯವರು ನಮ್ಮ ನಕ್ಷೆ ಕೇಳಿದರು, ಕೊಟ್ಟೆವು. ಮೊದಲು ಆರಿಸಿದವುಗಳಲ್ಲಿ ನಮ್ಮ ಓಣಿಯೂ ಇತ್ತು. ಗುಂಡಿ ತೋಡಿದ ದಿನ ಕಾಲೇಜಿನಲ್ಲಿ ನನ್ನ ಕಾಲು ನೆಲಕ್ಕೆ ನಿಲ್ಲಲಿಲ್ಲ. ಸಂಜೆ ಬಸ್ಸಿಳಿದು ಹೆಚ್ಚುಕಡಿಮೆ ಓಡಿಯೇ ಬಂದೆ.

ಒಂದು ಗುಂಡಿಯೂ ಇರಲಿಲ್ಲ. ಎಲ್ಲವನ್ನೂ ಮುಚ್ಚಿ, ಕಾಲಿನಿಂದ ತುಳಿದು, ನೀರು ಚಿಮುಕಿಸಿ ನೆಲ ಸರಿಮಾಡಿದ್ದರು. ಜಗಳದ ಗುರುತಿಲ್ಲ, ಸಿಟ್ಟಿನ ಗುರುತಿಲ್ಲ. ಹಬ್ಬಕ್ಕೆ ಅಂಗಳ ಸಾರಿಸಿದಂತಿತ್ತು. ಎದುರುಮನೆಯ ಆಯಿಯನ್ನು ಕೇಳಿದೆ.

"ನಿಮ್ಮ ಕಾಕಾನ ಹಾಸು ಬಂದ್ರ ಎಲ್ಲಿ ಚಾಚೂದು ಮತ್ತ?" ಅಂದರು.

"ನಮ್ಮ ಮನಿ ಮುಂದಿಂದು ಯಾರ ಮುಚ್ಚಿದ್ರು?"

"ಮನಿಗೆ ಹೋಗಿ ಕೇಳು."

ವೈನಿ ಒಲೆಯ ಮುಂದೆ ಇದ್ದರು. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು.

"ನೀವ ಮುಚ್ಚಿದ್ರಿ?"

"ಹೌದೋ ಮಾಸ್ತರ."

"ವೈನಿ, ಅದು ನಿಮ್ಮ ಸಲುವಾಗಿ ತೋಡಿದ್ದು."

"ನನ್ನ ಸಲುವಾಗಿ ಹಿರ್ಯಾರ ಮಗ್ಗ ಬಂದ್ ಮಾಡಸ್ಲ್ಯಾ? ಓಣಿಯೊಳಗ ಉಳದದ್ದ ಒಂದು ಹಾಸು. ಅವರು ಮುಧೋಳದಾಗ ಮಗಳ ಮನ್ಯಾಗ ಅದಾರ, ತಿರುಗಿ ಬಂದ್ರ ನಾವೇನ ಮಾರಿ ತೋರಸೂದು?"

"ಮುಂದಿನ ಬ್ಯಾಸಗಿಗೆ ಏನ ಮಾಡ್ತೀರಿ?"

"ಬ್ಯಾಸಗಿ ಬರಲಿ ತಡಿ. ನೀ ಒಬ್ಬ ಆಕಾಶದಾಗಿಂದ ಜ್ವರಾ ನೋಡೋ ಡಾಕ್ಟರ ಇದ್ದೀಯಲ್ಲ, ಅಲ್ಲಿಂದನ ಗುಳಿಗಿ ಒಗಿ." ರೊಟ್ಟಿ ತಿರುವಿ ಹಾಕಿದರು. ಮಾತು ಮುಗಿಯಿತು.

ಅಣ್ಣನಿಗೆ ಹೇಳಿದರೆ ಅವನು ಗೋಡೆ ನೋಡಿದ. ಕಾಕಾ ತಿರುಗಿ ಬರುವವರೆಗೆ ನಾನು ಆ ಓಣಿಯಲ್ಲಿ ತಿರುಗಿದ್ದೇ ತಿರುಗಿದ್ದು. ಹಾಸಿನ ಕಲ್ಲಿನಿಂದ ಆ ಕಡೆಯ ಕಲ್ಲಿಗೆ, ಅಲ್ಲಿಂದ ಈ ಕಡೆಗೆ. ಒಬ್ಬ ಮುದುಕನಿಗೆ ನಿನ್ನ ಕಸುಬು ಬಿಡು ಎಂದು ಹೇಗೆ ಹೇಳುವುದು? ಹೇಳದಿದ್ದರೆ ಏಪ್ರಿಲ್ ತಿಂಗಳು ಬರುವುದು ನಿಲ್ಲುತ್ತದೆಯೇ? ಒಂದೊಂದು ಸಲ ನಡೆಯುವಾಗ ಒಂದೊಂದು ಮಾತು ಸರಿ ಎನಿಸುತ್ತಿತ್ತು.

ಕಾಕಾ ಬಂದ ಮೇಲೂ ಕೆಲವು ದಿನ ಹಾಗೇ ಹೋದವು. ಕೊನೆಗೆ ಆ ಫೋಟೋದ ಪ್ರಿಂಟು ಹಿಡಿದು ಅವರ ಮನೆಗೆ ಹೋದೆ. ಕಾಕಾನದು ಹಳೆಯ ಮಣ್ಣಿನ ಮಾಳಿಗೆಯ ಮನೆ, ದಪ್ಪ ಗೋಡೆ. ಕೈಮಗ್ಗ ನೆಲದ ಮಟ್ಟದಲ್ಲಿದೆ. ನೇಯುವವರು ಕುಣಿಯೊಳಗೆ ಕಾಲಿಳಿಬಿಟ್ಟು ಕೂರುತ್ತಾರೆ. ಪಡಸಾಲೆಯ ಉಳಿದರ್ಧದ ತುಂಬ ಹಾಸಿನ ಸಾಮಾನು, ಉದ್ದನೆಯ ಬಿದಿರುಗಳು, ಕವೆಗೋಲುಗಳು, ಬಟ್ಟೆಯಲ್ಲಿ ಸುತ್ತಿಟ್ಟ ಕುಂಚ.

"ಕಾಕಾ, ಇದು ನಮ್ಮ ಓಣಿ. ಮ್ಯಾಲಿಂದ ತಗದದ್ದು."

ಅವರು ಕನ್ನಡಕ ಹಾಕಿಕೊಂಡು ಕಾಗದವನ್ನು ಮಗ್ಗದ ಮೇಲೆಯೇ ಹರಡಿದರು. ಬೆರಳನ್ನು ಓಣಿಯ ಉದ್ದಕ್ಕೂ ಎಳೆದರು. "ಇಷ್ಟು ಸೀದಾ ಐತೇನಲೇ? ಹಾಸು ಚಾಚಿದಂಗ ಐತಿ. ಉಳದ ಓಣಿಯೊಳಗ ಎಲ್ಲಾ ಹಸರ ಅದಾವು, ನಮ್ಮದಷ್ಟ ಬೋಳು."

ಆಗ ಹೇಳಿದೆ. ಗುಂಡಿ ತೋಡಿದ್ದು, ಮುಚ್ಚಿದ್ದು, ಮನೆಯ ಮುಂದಿನದನ್ನು ವೈನಿಯೇ ಮುಚ್ಚಿದ್ದು.

"ಆಕಿನ? ಅಲ್ಲೋ, ಆಕಿಗೆ ಬ್ಯಾಸಗಿ ತಡಿಯೂದಿಲ್ಲ ಅಂತ ಡಾಕ್ಟರ್ ಹೇಳ್ಯಾನ, ಹೌದಿಲ್ಲೋ?"

"ಹೌದ್ರಿ. ಆದ್ರೂ ನಿಮ್ಮ ಸಲುವಾಗಿ ಮುಚ್ಯಾರ."

ಕಾಕಾ ಕನ್ನಡಕ ತೆಗೆದರು. ಪಕ್ಕದ ನಮ್ಮ ಶೆಡ್ಡಿನ ಸದ್ದು ಗೋಡೆ ದಾಟಿ ಬರುತ್ತಿತ್ತು.

"ನನ್ನ ಸಲುವಾಗಿ ಮುಚ್ಯಾರ. ತಮ್ಮಾ, ನನ್ನ ಮೊಣಕಾಲ ಹೋಗಿ ಎಷ್ಟ ದಿನಾ ಆತು ಗೊತ್ತೇನ ನಿನಗ? ಗಂಜಿ ಹಚ್ಚಿದ ಹಾಸು ತಯಾರ ಸಿಗತೈತಿ. ನೂಲಿನ ಸಾವಕಾರ ಹೋದಾಗೊಮ್ಮೆ ಕೇಳ್ತಾನ, ಒಯ್ರಿ ಅಜ್ಜಾರ, ಯಾಕ ಜೀವಾ ತೇಯ್ತೀರಿ ಅಂತ. ಒಲ್ಲೆ ಅಂತೇನಿ."

"ಯಾಕ್ರಿ?"

"ಯಾಕ ಅಂದ್ರ? ನಾಳೆ ಹಾಸು ಅಂದ ಕೂಡಲೇ ಓಣಿಗೆ ಓಣೀನ ಕಸಬರಿಗಿ ಹಿಡಕೊಂಡ ನಿಂದರತೈತಿ. ಕೋಳಿ ಹಿಡೀತಾರ, ಗಾಡಿ ತಗೀತಾರ. ನಿಮ್ಮ ವೈನಿ ಗಂಜಿ ಕಾಸ್ತಾಳ. ಅಂಥಾ ಮಂದಿ ಮುಂದ ನನಗ ಸಾಕಾಗೇತಿ ಅಂತ ಹೆಂಗ ಹೇಳ್ಲಿ? ಅವರಿಗೆ ಬೇಕಾಗೇತಿ ಅಂತ ನಾ ತರಾಕತ್ತೇನಿ."

ನಾನು ಎದ್ದು ನಿಂತೆ, ಮತ್ತೆ ಕೂತೆ. ಕಾಕಾನಿಗಾಗಿ ಮಂದಿ ಓಣಿಯನ್ನು ಬೋಳು ಇಟ್ಟಿದ್ದರು. ಮಂದಿಗಾಗಿ ಕಾಕಾ ನೋಯುವ ಕಾಲಿನಲ್ಲಿ ಹಾಸು ಹೊರುತ್ತಿದ್ದರು. ಇದರ ನಡುವೆ ಬಿಸಿಲು ನೇರ ನೆಲಕ್ಕೆ ಬೀಳುತ್ತಿತ್ತು.

"ಹಂಗಿದ್ರ ಹೇಳಿಬಿಡ್ರಿ ಕಾಕಾ."

"ಬಾಯಿಲೆ ಹೇಳಿದ್ರ ಕೇಳೂ ಮಂದಿ ಅಲ್ಲ ಇದು. ನೀ ಸುಮ್ಮನಿರು."

ಮುಂದಿನ ವಾರ ಕಾಕಾ ಹಾಸಿನ ದಿನ ಸಾರಿದರು. ಬೆಳಗಾಗುವ ಮೊದಲೇ ಓಣಿ ಎದ್ದಿತು. ವೈನಿ ಸೆರಗು ಬಿಗಿದು ಗಂಜಿ ಕಾಸಿ ಇಟ್ಟಿದ್ದರು. ಎಲ್ಲರೂ ಕಾಯುತ್ತಿದ್ದಾಗ ಕಾಕಾ ಮನೆಯಿಂದ ಹೊರಬಂದರು. ಕೈಯಲ್ಲಿ ನೂಲಿರಲಿಲ್ಲ, ಹಾರೆ ಇತ್ತು.

"ಹಾಸೆಲ್ಲೈತ್ರಿ?" ಎದುರುಮನೆಯ ಆಯಿ ಕೇಳಿದರು.

"ಪ್ಯಾಟಿಯಿಂದ ಬರತೈತಿ, ತಯಾರ ಹಾಸು. ನನಗಿನ್ನ ಆಗೂದಿಲ್ಲವಾ. ಕಾಲು ಒಲ್ಲೆ ಅಂತಾವು."

ಕಾಕಾ ಬಾಯಿಬಿಟ್ಟು ಹೇಳಲು ಹೆದರಿದ್ದು ಯಾಕೆಂದು ನನಗೆ ಆಗ ಗೊತ್ತಾಯಿತು. "ನಾವು ಅದೀವಲ್ರಿ, ನೀವು ಬರೇ ಕುಂತ ಹೇಳ್ರಿ" ಎಂದು ಒಬ್ಬರು, "ನಿಮ್ಮ ಹಾಸು ನಾವು ಚಾಚ್ತೀವ್ರಿ" ಎಂದು ಇನ್ನೊಬ್ಬರು. ನಾಲ್ಕು ಕಡೆಯಿಂದ ಮುತ್ತಿಕೊಂಡರು. ಮುದುಕನನ್ನು ಪ್ರೀತಿಯಿಂದಲೇ ಮತ್ತೆ ಹಾಸಿನ ನೂಲಿಗೆ ಕಟ್ಟಿಹಾಕುವವರಿದ್ದರು. ಕಾಕಾ ಯಾರಿಗೂ ಉತ್ತರ ಕೊಡದೆ ನೇರ ನಮ್ಮ ಬಾಗಿಲ ಮುಂದಿನ ಕಲ್ಲಿಗೆ ಬಂದು ಅದರ ಬುಡಕ್ಕೆ ಹಾರೆ ಹಾಕಿದರು.

ವೈನಿ ಕಸಬರಿಗೆ ಒಗೆದು ಓಡಿಬಂದರು. "ಮಾವಾರ! ಹಿರ್ಯಾರು ಇಟ್ಟ ಕಲ್ಲು. ನನ್ನ ಸಲುವಾಗಿ ಇದೆಲ್ಲಾ ಮಾಡಬ್ಯಾಡ್ರಿ."

"ನಿನ್ನ ಸಲುವಾಗಿ ಅಂತ ಯಾರಂದ್ರು? ನನ್ನ ಸಲುವಾಗಿ. ಇದು ಇರೂ ತನಕಾ ನೀವು ನನ್ನ ಬಿಡೂದಿಲ್ಲ."

ಕಾಕಾ ಹಾರೆ ಮೀಟಿದರು, ಕಲ್ಲು ಅಲುಗಲಿಲ್ಲ, ಮೊಣಕಾಲು ಅಲುಗಿತು. ಆಗ ಅಣ್ಣ, ಅಷ್ಟು ದಿನ ಗೋಡೆ ನೋಡುತ್ತ ಕೂತಿದ್ದವನು, ಅವರ ಕೈಯಿಂದ ಹಾರೆ ತೆಗೆದುಕೊಂಡ. ಕಲ್ಲು ನಾವು ಅಂದುಕೊಂಡದ್ದಕ್ಕಿಂತ ಆಳವಾಗಿತ್ತು. ಅದು ಹೊರಳಿದಾಗ ಅಡಿಯಲ್ಲಿ ಹಸಿ ಮಣ್ಣು ಕಂಡಿತು.

"ಎಲಿ ಉದರಿದ್ರ ಕಸಾ ನಾ ಹೊಡಿಯೂದಿಲ್ಲ, ಈಗ ಹೇಳೇನಿ" ಅಂದರು ವೈನಿ. ಕಣ್ಣೊರೆಸಿಕೊಳ್ಳುತ್ತಿದ್ದರು. ಗಂಜಿಯನ್ನು ಎಮ್ಮೆಗೆ ಹಾಕಿದೆವು.

ಆ ಕುಣಿಯಲ್ಲಿ ಹೊಂಗೆ ನೆಟ್ಟೆವು. ಉಳಿದ ಮನೆಗಳವರು ಒಬ್ಬರನ್ನೊಬ್ಬರು ನೋಡಿಕೊಂಡು, ತಾವೇ ಮುಚ್ಚಿದ್ದ ಗುಂಡಿಗಳನ್ನು ಮತ್ತೆ ತೋಡಿದರು. ಬೇವು, ಹೊಂಗೆ, ಸಿಕ್ಕದ್ದು. ಓಣಿಗೆ ಖುಷಿ ಬಂದಿತ್ತು. ನನಗೆ ಬರಲಿಲ್ಲ. ಮೊಣಕಾಲೆತ್ತರದ ಸಸಿ ತಗಡಿನ ಮೇಲೆ ನೆರಳು ಚೆಲ್ಲಲು ಎಷ್ಟೋ ವರ್ಷ ಬೇಕು. ವೈನಿಗೆ ಬೇಕಾದದ್ದು ಬರುವ ಬೇಸಿಗೆಗೆ. ತಗಡಿಗೆ ಸುಣ್ಣ ಬಳಿಯೋಣವೆಂದೆ, ಅಣ್ಣ ಬಳಿದ. ಅದರಿಂದ ಎಷ್ಟು ತಂಪಾದೀತೆಂದು ಖಚಿತವಾಗಿ ಹೇಳಲು ನನಗೆ ಆಗಲಿಲ್ಲ. ಮತ್ತೆ ತಿರುಗಾಟ ಶುರುವಾಯಿತು.

ದಾರಿ ತೋರಿದ್ದು ಕಾಕಾನ ಪಡಸಾಲೆ. ಹಾಸಿನ ಬಿದಿರು, ಕವೆಗೋಲು ಎಲ್ಲ ಅಟ್ಟಕ್ಕೆ ಹೋದ ಮೇಲೆ ಆ ಅರ್ಧ ಖಾಲಿಯಾಗಿತ್ತು. ಸಂಕ್ರಾಂತಿ ಕಳೆದು ಒಂದು ದಿನ ಅಲ್ಲಿ ಕೂತಿದ್ದಾಗ ಗೋಡೆ ಮುಟ್ಟಿದೆ, ಚಟವಾಗಿತ್ತಲ್ಲ. ನಡುಮಧ್ಯಾಹ್ನದಲ್ಲೂ ಗೋಡೆ ತಣ್ಣಗಿತ್ತು. ಕಂಡಿಕೆ ಸುತ್ತುವ ಯಂತ್ರವನ್ನು ಇಲ್ಲಿಗೆ ತಂದರೆ ಎಂದು ಬಾಯಿ ಬಿಟ್ಟೆ. ವೈನಿ ಒಪ್ಪಲಿಲ್ಲ. ಮಾವನವರ ಮುಂದೆ ದಿನವಿಡೀ ಕಾಲು ಮಡಚಿ ಕೂರುವುದು ಎಂಥ ಮರ್ಯಾದೆ?

"ನಾ ಮೊದಲ ಕುಣಿಯೊಳಗ ಅರ್ಧಾ ಹೂತೇನಿ" ಅಂದರು ಕಾಕಾ. "ನನ್ನ ಮುಂದ ಎಂಥಾ ಮರ್ಯಾದಿವಾ? ಬಂದ ಕುಂಡ್ರು. ನನಗೂ ಮಾತಾಡಾಕ ಯಾರಿಲ್ಲ."

ಈಗ ಬೇಸಿಗೆ ನಡೆದಿದೆ. ವೈನಿ ಬೆಳಗಿನಿಂದ ಹೊತ್ತಿಳಿಯುವವರೆಗೆ ಅಲ್ಲಿ ಕಂಡಿಕೆ ಸುತ್ತುತ್ತಾರೆ. ಅಣ್ಣ ಬುಟ್ಟಿ ಹೊತ್ತು ಓಡಾಡುತ್ತಾನೆ. ಅವನು ಇನ್ನೂ ತಗಡಿನ ಕೆಳಗೇ ಇದ್ದಾನೆ, ಅದೂ ನನ್ನ ತಲೆಯಲ್ಲಿ ಇದೆ. ಉಪಗ್ರಹ ಹಾದುಹೋದಾಗೊಮ್ಮೆ ಹೊಸ ಚಿತ್ರ ತೆಗೆದು ನೋಡುತ್ತೇನೆ. ನಮ್ಮ ಚೌಕ ಈಗಲೂ ಕಡುಗೆಂಪು. ಸಸಿಗಳು ಅದಕ್ಕೆ ಕಾಣುವುದಿಲ್ಲ. ಕಾಕಾನ ಪಡಸಾಲೆ ಕಾಣುವುದೇ ಇಲ್ಲ.

ಮೊನ್ನೆ ಮಧ್ಯಾಹ್ನ ಬಸ್ಸಿಳಿದು ಓಣಿಯ ಬಾಯಿಗೆ ಬಂದೆ. ನಮ್ಮ ಮನೆಯ ಕಡೆಯಿಂದ ಸದ್ದಿರಲಿಲ್ಲ. ನಿಂತದ್ದು ಒಂದು ಮನೆಯದೋ ಎಲ್ಲರದೋ ಎಂದು ಕಿವಿಗೊಟ್ಟು ಕೇಳಬೇಕಿತ್ತು, ಕೇಳುವಷ್ಟು ತಾಳ್ಮೆ ಉಳಿಯಲಿಲ್ಲ. ಚೀಲ ಹಿಡಿದು ಓಡಿದೆ. ಕಾಕಾನ ಬಾಗಿಲು ತಳ್ಳಿದಾಗ ವೈನಿ ಗೋಡೆಗೊರಗಿ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಬೆವರಿತ್ತು. ನಾನು ಮೊದಲು ನೋಡಿದ್ದು ಅದನ್ನೇ.

"ಕರೆಂಟ್ ಹೋಗೇತಿ ಮಾಸ್ತರ" ಅಂದರು. "ಹಿಂಗ ಬಿಸಲಾಗ ಓಡಿ ನೀ ಬಿದ್ದಿ ಅಂದ್ರ ಎತ್ತಾಕ ನಮ್ಮ ಕಡಿಂದ ಆಗೂದಿಲ್ಲ. ಕುಂಡ್ರು."

ಕುಣಿಯೊಳಗೆ ಕಾಕಾನ ಕೈಮಗ್ಗ ಓಡುತ್ತಲೇ ಇತ್ತು. ವೈನಿ ತಂಬಿಗೆ ಕೊಟ್ಟರು. ಅರ್ಧ ಕುಡಿದೆ, ಕೂರಲಿಲ್ಲ. ಉಳಿದರ್ಧವನ್ನು ಹೊರಗೆ ಒಯ್ದು ಹೊಂಗೆಯ ಬುಡಕ್ಕೆ ಹಾಕಿದೆ.